ಕೂಗಳತೆಯ ಆಚೆಗೆ: ವಾಹನದ ಗಾಜಿನ ಮೇಲಿನ ಹವ್ಯಾಸಿ ರೇಡಿಯೊ ಆಂಟೆನಾ ಮತ್ತು ಬಳ್ಳಾರಿ ಸೀಮೆ

ದೂರವನ್ನು ಧ್ವನಿಯಿಂದ ಅಳೆಯುವ ಪದ್ಧತಿ ನಮ್ಮ ಜನಪದರಲ್ಲಿ ಬಹು ಹಿಂದಿನದು. ‘ಕೂಗಳತೆ’ ಎಂಬ ಮಾತನ್ನು ಗಮನಿಸಬಹುದು. ಒಬ್ಬನು ನಿಂತ ನೆಲೆಯಿಂದ ಕೂಗಿದರೆ ಎಲ್ಲಿಯವರೆಗೆ ಕೇಳಿಸುವುದೋ ಅಲ್ಲಿಯವರೆಗಿನ ನೆಲ ಒಂದು ಕೂಗಳತೆ. ಇದು ಗಜ, ಮೈಲಿಗಳಂತೆ ಸ್ಥಿರವಾದ ಅಳತೆಯಲ್ಲ. ಗಾಳಿಯ ದಿಕ್ಕು, ನಡುವೆ ಬರುವ ದಿಬ್ಬ, ಕೂಗುವವನ ಎದೆಯ ಬಲ, ಕೇಳುವವನ ಕಿವಿ ಇವೆಲ್ಲವೂ ಸೇರಿ ಅದನ್ನು ನಿರ್ಧರಿಸುತ್ತವೆ. ಹೊಲದಲ್ಲಿ ನಿಂತ ರೈತನಿಗೆ ತನ್ನ ಕೂಗು ಯಾವ ಬದುವಿನವರೆಗೆ ಹೋಗುತ್ತದೆ, ಯಾವ ದಿಬ್ಬ ಏರಿದರೆ ಇನ್ನೊಂದು ಹೊಲಕ್ಕೆ ತಲುಪುತ್ತದೆ ಎಂಬುದು ತಿಳಿದಿರುತ್ತದೆ. ಈ ತಿಳಿವನ್ನು ಯಾರೂ ಬರೆದಿಟ್ಟವರಲ್ಲ.

ರೇಡಿಯೊ ತರಂಗಗಳ ವ್ಯಾಪ್ತಿಯೂ ಇಂಥದೇ ಒಂದು ಕೂಗಳತೆ ಎಂಬುದು ಹವ್ಯಾಸಿ ರೇಡಿಯೊ ಬಳಸುವವರ ಒಡನಾಟದಲ್ಲಿ ನನಗೆ ಮನವರಿಕೆಯಾದ ಸಂಗತಿ. ಪ್ರಸ್ತುತ ಲೇಖನವು ಆ ವಿಶಾಲ ವಿಷಯದ ಒಂದು ಚಿಕ್ಕ ಮೂಲೆಯನ್ನು ಮಾತ್ರ ಪರಿಶೀಲಿಸುತ್ತದೆ. ಕಾರು ಅಥವಾ ಜೀಪಿನ ಗಾಜಿನ ಮೇಲೆ, ತೂತು ಕೊರೆಯದೆ, ಅಂಟಿಸಿ ನಿಲ್ಲಿಸುವ ಆಂಟೆನಾ ಹೇಗೆ ಕೆಲಸ ಮಾಡುತ್ತದೆ, ಬಳ್ಳಾರಿಯಂಥ ಬಿಸಿಲ ಸೀಮೆಯಲ್ಲಿ ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಇಲ್ಲಿನ ಪ್ರಶ್ನೆ. ಜಾನಪದ ಅಧ್ಯಯನದವರಿಗೆ ಈ ಉಸಾಬರಿ ಏಕೆ ಎಂದು ಕೇಳುವವರಿರಬಹುದು. ಯಾವುದಾದರೊಂದು ಸಮಾನ ಅಂಶವನ್ನು ಹಂಚಿಕೊಂಡ ಯಾವ ಗುಂಪನ್ನಾದರೂ ‘ಜನಪದ’ವೆಂದು ಪರಿಗಣಿಸಬೇಕೆಂದು ಅಲನ್ ಡಂಡೆಸ್ ಪ್ರತಿಪಾದಿಸಿ ದಶಕಗಳೇ ಕಳೆದಿವೆ. ಹ್ಯಾಮ್‌ಗಳೆಂದು ಕರೆಯಲಾಗುವ ಹವ್ಯಾಸಿಗಳಿಗೆ ತಮ್ಮದೇ ಆದ ಪಾರಿಭಾಷಿಕ ನುಡಿಯಿದೆ. ಮಾತು ಮುಗಿಸುವಾಗ ‘ಎಪ್ಪತ್ತಮೂರು’ ಎಂದು ಹರಸುತ್ತಾರೆ. ತೀರಿಕೊಂಡವರನ್ನು ‘ಸೈಲೆಂಟ್ ಕೀ’ ಎನ್ನುತ್ತಾರೆ. ವಿದ್ಯೆಯ ಬಹುಭಾಗ ಹಿರಿಯರಿಂದ ಕಿರಿಯರಿಗೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬರುತ್ತದೆ. ಗಾಜಿನ ಆಂಟೆನಾದ ವಿಷಯದಲ್ಲಂತೂ ಪುಸ್ತಕಕ್ಕಿಂತ ಈ ಬಾಯಿಮಾತಿನ ಭಾಗವೇ ಹೆಚ್ಚು.

ಈ ಪ್ರಶ್ನೆಗೆ ತುರ್ತು ಒದಗಿಬಂದದ್ದು 2024ರ ಆಗಸ್ಟ್ 10ರ ರಾತ್ರಿ. ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳಿಂದಲೂ ನೀರು ಬಿಡಬೇಕಾಯಿತು. ಒಂದು ವಾರದೊಳಗೆ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸುವವರೆಗೆ ಕಂಪ್ಲಿಯಿಂದ ಸಿರುಗುಪ್ಪದವರೆಗಿನ ನದಿದಂಡೆಯ ಊರುಗಳು ಎಚ್ಚರದಿಂದಿದ್ದವು. ಆ ಜನರ ನೆನಪಿನಲ್ಲಿ 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದ ಪ್ರವಾಹ ಇನ್ನೂ ಹಸಿಯಾಗಿದೆ. ಅಂದು ಕೆಳದಂಡೆಯ ಮಂತ್ರಾಲಯ ಮುಳುಗಿತು, ಕರ್ನೂಲು ನಗರದೊಳಕ್ಕೆ ನೀರು ನುಗ್ಗಿತು. ಸಿರುಗುಪ್ಪ ತಾಲ್ಲೂಕಿನ ಗ್ರಾಮಗಳೂ ನಷ್ಟ ಕಂಡವು. ಹೊಳೆ ಏರಿದಾಗ ಊರಿನ ಹಿರಿಯರು ಮೊದಲು ಕೇಳುವುದು ‘ಡಂಗುರ ಹೊಡೆಸಿದರಾ’ ಎಂದು. ಡಂಗುರವು ಒಂದೊಂದು ಓಣಿಯ ತಿರುವಿನಲ್ಲಿ ನಿಂತು ಅದೇ ಮಾತನ್ನು ಅದೇ ಪದಗಳಲ್ಲಿ ಮರುನುಡಿಯುವ ಪದ್ಧತಿ. ವಿದ್ಯುತ್ತು ಹೋಗಿ ಮೊಬೈಲ್ ಗೋಪುರದ ಬ್ಯಾಟರಿ ಬರಿದಾದ ಮೇಲೆ, ರಸ್ತೆಯ ಮೇಲಿರುವ ವಾಹನವೇ ಡಂಗುರದವನ ಪಾತ್ರ ವಹಿಸಬಹುದೇ? ವಹಿಸುವುದಾದರೆ ಅದರ ಕೂಗಳತೆ ಎಷ್ಟು?

ಇಂಥ ಪಾತ್ರವನ್ನು ಹವ್ಯಾಸಿಗಳು ಬೇರೆಡೆ ವಹಿಸಿದ ನಿದರ್ಶನಗಳು ದಾಖಲಾಗಿವೆ. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅವರ ತಂಡವು ಹವ್ಯಾಸಿ ಪ್ರಸಾರಕ್ಕೆಂದೇ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. 26ರಂದು ಸುನಾಮಿ ಅಪ್ಪಳಿಸಿದಾಗ ಅದೇ ಉಪಕರಣಗಳು ಅಂಡಮಾನ್ ದ್ವೀಪಗಳ ಸುದ್ದಿಯನ್ನು ಮುಖ್ಯಭೂಮಿಗೆ ತಲುಪಿಸಿದವು. ಆದರೆ ಅದು ಒಂದೆಡೆ ನೆಲೆನಿಂತ ಕೇಂದ್ರ, ದೂರಗಾಮಿ ಲಘುತರಂಗ. ನಾವಿಲ್ಲಿ ನೋಡಬೇಕಾದದ್ದು ಓಡಾಡುವ ವಾಹನ, ಸಮೀಪದ ಸಂಪರ್ಕ, ಭಾರತದಲ್ಲಿ ಹವ್ಯಾಸಿಗಳಿಗೆ ಮೀಸಲಾದ 144ರಿಂದ 146 ಮೆಗಾಹರ್ಟ್ಸ್‌ವರೆಗಿನ, ‘ಎರಡು ಮೀಟರ್’ ಎಂದು ಕರೆಯುವ ಪಟ್ಟಿ. ತರಂಗದ ಉದ್ದ ಹೆಚ್ಚುಕಡಿಮೆ ಎರಡು ಮೀಟರ್ ಇರುವುದರಿಂದ ಆ ಹೆಸರು. ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯಿಂದ ಪರವಾನಗಿ ಮತ್ತು ‘ವಿಯು’ ಎಂದು ಮೊದಲಾಗುವ ಕರೆಸಂಕೇತ ಪಡೆದವರು ಮಾತ್ರ ಇದರಲ್ಲಿ ಪ್ರಸಾರ ಮಾಡಬಹುದು. ವಾಹನದಲ್ಲಿ ಬಳಸುವವರು ಪರವಾನಗಿಯ ಷರತ್ತುಗಳನ್ನು ಓದಿಕೊಂಡೇ ಮುಂದುವರಿಯಬೇಕು.

ವಾಹನಕ್ಕೆ ಆಂಟೆನಾ ಕೂರಿಸುವ ಅತ್ಯುತ್ತಮ ಜಾಗ ಚಾವಣಿಯ ನಟ್ಟನಡುವೆ. 145 ಮೆಗಾಹರ್ಟ್ಸ್‌ಗೆ ತರಂಗದ ಕಾಲುಭಾಗವೆಂದರೆ ಸುಮಾರು 52 ಸೆಂಟಿಮೀಟರ್. ಅಷ್ಟುದ್ದದ ಕಡ್ಡಿಯನ್ನು ಚಾವಣಿಯಲ್ಲಿ ನಿಲ್ಲಿಸಿದರೆ ಕೆಳಗಿನ ತಗಡು ಕನ್ನಡಿಯಂತೆ ವರ್ತಿಸಿ ಕಡ್ಡಿಯ ಇನ್ನೊಂದು ಅರ್ಧವನ್ನು ತಾನೇ ಒದಗಿಸುತ್ತದೆ. ತೊಂದರೆಯೆಂದರೆ ಇದಕ್ಕೆ ಚಾವಣಿಯಲ್ಲಿ ತೂತು ಬೇಕು. ಸ್ವಂತ ಗಾಡಿಯಾದರೂ ತೂತು ಕೊರೆಸಲು ಮನಸ್ಸು ಬರುವುದಿಲ್ಲ. ಬಾಡಿಗೆಯದೋ ಸಂಸ್ಥೆಯದೋ ಆದರೆ ಕೇಳುವುದೇ ಬೇಡ. ಅಯಸ್ಕಾಂತದ ಬುಡವುಳ್ಳ ಆಂಟೆನಾ ಎರಡನೆಯ ದಾರಿ. ಅದು ಒಳ್ಳೆಯದೇ. ಆದರೆ ಬಳ್ಳಾರಿಯ ರಸ್ತೆಗಳ ಧೂಳು ಬುಡದಡಿ ಸೇರಿಕೊಂಡು ಉಪ್ಪುಕಾಗದದಂತೆ ಬಣ್ಣವನ್ನು ಉಜ್ಜುತ್ತದೆ. ಬಾಗಿಲ ಸಂದಿಯಲ್ಲಿ ತೂರಿಸಿದ ತಂತಿ ನಾಲ್ಕಾರು ತಿಂಗಳಲ್ಲಿ ಜಜ್ಜಿಹೋಗುತ್ತದೆ. ಮೂರನೆಯದು ಗಾಜು.

ಗಾಜಿನ ಆಂಟೆನಾದಲ್ಲಿ ಎರಡು ಭಾಗಗಳಿರುತ್ತವೆ. ಹೊರಗೆ ಕಡ್ಡಿಯನ್ನು ಹೊತ್ತ ಪಾದ. ಒಳಗೆ ಅದರ ನೇರಕ್ಕೆ ಅಂಟಿಸಿದ ಚಿಕ್ಕ ಪೆಟ್ಟಿಗೆ. ಎರಡರಲ್ಲೂ ಗಾಜಿಗೆ ಮುಖಮಾಡಿದ ಒಂದೊಂದು ಲೋಹದ ತಗಡು ಇರುತ್ತದೆ. ರೇಡಿಯೊದಿಂದ ಬಂದ ತಂತಿ ಒಳಪೆಟ್ಟಿಗೆಯಲ್ಲೇ ಕೊನೆಗೊಳ್ಳುತ್ತದೆ. ಗಾಜನ್ನು ದಾಟಿ ಏನೂ ಹೋಗುವುದಿಲ್ಲ. ಹಾಗಾದರೆ ಪ್ರಸಾರಶಕ್ತಿ ಹೊರಗೆ ಹೋಗುವುದು ಹೇಗೆ ಎಂಬುದೇ ಮೊದಲ ಬಾರಿ ನೋಡುವವರ ಬೆರಗು. ಡೊಳ್ಳಿನ ಒಂದು ಮುಖಕ್ಕೆ ಬಡಿದರೆ ಇನ್ನೊಂದು ಮುಖದ ಚರ್ಮವೂ ಮಿಡಿಯುತ್ತದೆ. ಕೋಲು ಇತ್ತಲಿಂದ ಅತ್ತ ದಾಟಿ ಹೋಗಿರುವುದಿಲ್ಲ. ಒಳತಗಡಿನ ವಿದ್ಯುದಂಶ ಸೆಕೆಂಡಿಗೆ 14.5 ಕೋಟಿ ಬಾರಿ ಧನ, ಋಣವೆಂದು ಅದಲುಬದಲಾಗುತ್ತಿರುವಾಗ ಹೊರತಗಡಿನದು ಅದಕ್ಕೆ ಎದುರುತ್ತರ ಕೊಡುತ್ತಾ ಹೋಗುತ್ತದೆ. ವಿದ್ಯುತ್ ವಿಜ್ಞಾನದಲ್ಲಿ ಇಂಥ ಜೋಡಿ ತಗಡಿಗೆ ಕೆಪ್ಯಾಸಿಟರ್ ಎಂದು ಹೆಸರು. ಡೊಳ್ಳಿನ ಹೋಲಿಕೆ ಇಲ್ಲಿಗೆ ಮುಗಿಯಿತು. ಡೊಳ್ಳಿನೊಳಗಿನ ಗಾಳಿ ಅಲುಗುತ್ತದೆ, ಗಾಜು ಅಲುಗುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ತಗಡು 4 ಸೆಂಟಿಮೀಟರ್ ಚದರದ್ದು, ಗಾಜು 4 ಮಿಲಿಮೀಟರ್ ದಪ್ಪದ್ದು ಎಂದುಕೊಳ್ಳೋಣ. ಗಾಜು ಗಾಳಿಗಿಂತ ಸುಮಾರು ಏಳು ಪಟ್ಟು ಹೆಚ್ಚು ವಿದ್ಯುದಂಶವನ್ನು ಹಿಡಿದಿಡಲು ಎಡೆಕೊಡುವುದರಿಂದ ಈ ಜೋಡಿಯ ಸಾಮರ್ಥ್ಯ ಸುಮಾರು 25 ಪಿಕೋಫ್ಯಾರಡ್ ಆಗುತ್ತದೆ. 145 ಮೆಗಾಹರ್ಟ್ಸ್‌ನಲ್ಲಿ ಅದು ಒಡ್ಡುವ ಅಡ್ಡಿ ಸುಮಾರು 44 ಓಮ್. ಇದನ್ನು ಪೆಟ್ಟಿಗೆಯೊಳಗಿನ ಸುರುಳಿಯಿಂದ ಸರಿತೂಗಿಸುವುದು ಕಷ್ಟವಲ್ಲ. ಅದೇ ಗಾಜು 7 ಮೆಗಾಹರ್ಟ್ಸ್‌ನ ಲಘುತರಂಗಕ್ಕೆ ಸುಮಾರು 900 ಓಮ್‌ನಷ್ಟು ಅಡ್ಡಿಯೊಡ್ಡುತ್ತದೆ. ಆದ್ದರಿಂದಲೇ ಗಾಜಿನ ಆಂಟೆನಾಗಳು ಎರಡು ಮೀಟರ್ ಪಟ್ಟಿಗೂ ಅದಕ್ಕಿಂತ ಮೇಲಿನ 434–438 ಮೆಗಾಹರ್ಟ್ಸ್ ಪಟ್ಟಿಗೂ ಸಲ್ಲುತ್ತವೆ. ನಾಡಿನಾಚೆ ಮಾತನಾಡುವ ಲಘುತರಂಗಕ್ಕೆ ಸಲ್ಲುವುದಿಲ್ಲ. ಗಾಜಿನ ಆಂಟೆನಾ ಹಾಕಿಕೊಂಡು ದೆಹಲಿಯೊಡನೆ ನೇರವಾಗಿ ಮಾತನಾಡುತ್ತೇನೆಂದು ಹೇಳುವವರ ಮಾತನ್ನು ನಂಬಬೇಕಾಗಿಲ್ಲ.

ಚಾವಣಿಯ ತಗಡು ಕಡ್ಡಿಯ ಬುಡದಲ್ಲಿಲ್ಲದ ಕೊರತೆಯನ್ನು ನೀಗುವುದು ಎರಡನೆಯ ಸಮಸ್ಯೆ. ಇದಕ್ಕೆ ಸಾಮಾನ್ಯವಾಗಿ ಕಾಲುತರಂಗದ ಬದಲು ಅರ್ಧತರಂಗದ, ಅಂದರೆ ಹೆಚ್ಚುಕಡಿಮೆ ಒಂದು ಮೀಟರ್ ಉದ್ದದ ಕಡ್ಡಿಯನ್ನು ಬಳಸುತ್ತಾರೆ. ಅರ್ಧತರಂಗದ ತುದಿಯಲ್ಲಿ ವಿದ್ಯುತ್ ಒತ್ತಡ ಹೆಚ್ಚು, ಹರಿವು ಕಡಿಮೆ; ಹರಿವು ಕಡಿಮೆಯಿದ್ದಲ್ಲಿ ಕೆಳಗಿನ ಕನ್ನಡಿಯ ಅಗತ್ಯವೂ ಕಡಿಮೆ. ಕಡಿಮೆಯೆಂದರೆ ಇಲ್ಲವೇ ಇಲ್ಲವೆಂದಲ್ಲ. ಹಿಂಗಾಜಿನ ಮೇಲಿನ ಕಡ್ಡಿಯ ಒಂದು ಪಕ್ಕಕ್ಕೆ ಚಾವಣಿ, ಇನ್ನೊಂದು ಪಕ್ಕಕ್ಕೆ ಬಯಲು ಇರುವುದರಿಂದ ಅದರ ಕೂಗು ಎಲ್ಲ ದಿಕ್ಕಿಗೂ ಸಮನಾಗಿ ಹೋಗುವುದಿಲ್ಲ. ಗಾಜು, ಸುರುಳಿ, ಅಂಟುಪಟ್ಟಿ ಇವುಗಳಲ್ಲಿ ಒಂದಷ್ಟು ಶಕ್ತಿ ಬಿಸಿಯಾಗಿ ಸೋರಿಹೋಗುತ್ತದೆ. ಎರಡು ಡೆಸಿಬೆಲ್ ಸೋರಿದರೆ 25 ವ್ಯಾಟಿನ ರೇಡಿಯೊ 16 ವ್ಯಾಟಿನದಾಗುತ್ತದೆ. ಮೂರು ಡೆಸಿಬೆಲ್ ಸೋರಿದರೆ ಅರ್ಧಕ್ಕೆ ಇಳಿಯುತ್ತದೆ.

ಈ ಆಂಟೆನಾ ಜನಪ್ರಿಯವಾದದ್ದು 1980ರ ದಶಕದ ಅಮೆರಿಕದಲ್ಲಿ, ಕಾರಿನೊಳಗೆ ದೂರವಾಣಿ ಅಳವಡಿಸುವುದು ಪ್ರತಿಷ್ಠೆಯಾಗಿದ್ದ ಕಾಲದಲ್ಲಿ. ಹಿಂಗಾಜಿನ ಮೇಲೆ ನಡುವೆ ಸುರುಳಿ ಸುತ್ತಿದ ಚಿಕ್ಕ ಕಡ್ಡಿ ಕಂಡರೆ ಒಡೆಯ ಸಿರಿವಂತನೆಂದು ಜನ ತಿಳಿಯುತ್ತಿದ್ದರು. ದೂರವಾಣಿಯಿಲ್ಲದವರು ಅಂಟಿಸಿಕೊಳ್ಳಲೆಂದೇ ಹುಸಿ ಆಂಟೆನಾಗಳೂ ಅಲ್ಲಿ ಮಾರಾಟವಾದವು. ಭಾರತದಲ್ಲಿ ಮೊಬೈಲ್ ಸೇವೆ ಆರಂಭವಾದದ್ದು 1995ರಲ್ಲಿ, ಕೈಯಲ್ಲಿ ಹಿಡಿಯುವ ಸಾಧನದೊಡನೆ. ಹೀಗಾಗಿ ಕಾರು ದೂರವಾಣಿಯ ಆ ಘಟ್ಟವನ್ನು ನಮ್ಮ ನಾಡು ಬಹುಮಟ್ಟಿಗೆ ಹಾರಿ ದಾಟಿತು. ಪರಿಣಾಮವಾಗಿ ಗಾಜಿನ ಆಂಟೆನಾ ಅಂಟಿಸುವ ಕುಶಲಕರ್ಮಿಗಳ ಒಂದು ತಲೆಮಾರೇ ನಮ್ಮಲ್ಲಿ ಬೆಳೆಯಲಿಲ್ಲ. ಇದನ್ನು ಅಂಟಿಸುವ ವಿದ್ಯೆಯನ್ನು ಇಂದಿಗೂ ಹವ್ಯಾಸಿಗಳು ತಾವೇ ಕಲಿಯಬೇಕು, ಇಲ್ಲವೇ ಗಾಜು ಜೋಡಿಸುವವರಿಂದ ಅರೆಬರೆಯಾಗಿ ಎರವಲು ಪಡೆಯಬೇಕು.

ಎರವಲು ಪಡೆಯದೆ ಮಾಡಿದ ನನ್ನ ಮೊದಲ ಪ್ರಯತ್ನ ವಿಫಲವಾಯಿತು. ಅಂಗಡಿಯವರೊಬ್ಬರು ‘ಯಾವ ಗಾಜಿಗಾದರೂ ಹಿಡಿಯುತ್ತದೆ’ ಎಂದು ಹೇಳಿ ಕೊಟ್ಟಿದ್ದರು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬಳ್ಳಾರಿಯ ಬಿಸಿಲಿನಲ್ಲೇ ನಿಲ್ಲಿಸಿದ್ದ ಗಾಡಿಗೆ, ಬಟ್ಟೆಯಿಂದ ಒರೆಸಿ ಅಂಟಿಸಿ, ಅಂದೇ ಸಿರುಗುಪ್ಪಕ್ಕೆ ಹೊರಟೆ. ತೆಕ್ಕಲಕೋಟೆಯ ಹತ್ತಿರದ ರಸ್ತೆದಿಬ್ಬವೊಂದನ್ನು ಹಾರಿದಾಗ ಹೊರಪಾದ ಕಡ್ಡಿಸಮೇತ ಕಳಚಿಬಿತ್ತು. ಒಳಪೆಟ್ಟಿಗೆ ಮಾತ್ರ ಗಾಜಿಗೆ ಭದ್ರವಾಗಿ ಕಚ್ಚಿಕೊಂಡಿತ್ತು. ತೆಕ್ಕಲಕೋಟೆಯೆಂದರೆ 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅವರು ಉತ್ಖನನ ನಡೆಸಿದ ನವಶಿಲಾಯುಗದ ನೆಲೆ. ಅಲ್ಲಿನ ಮಣ್ಣಿಗೆ ನಾನೂ ಒಂದು ವಸ್ತುವನ್ನು ಸೇರಿಸಿ ಬಂದಂತಾಯಿತು.

ತಪ್ಪು ಎಲ್ಲಾಯಿತೆಂಬುದನ್ನು ಬಳ್ಳಾರಿಯಲ್ಲಿ ಲಾರಿ, ಕಾರುಗಳಿಗೆ ಗಾಜು ಕೂರಿಸುವ ಹಿರಿಯ ಕುಶಲಕರ್ಮಿಯೊಬ್ಬರು ತಿಳಿಸಿದರು. ಅವರು ರೇಡಿಯೊ ಬಲ್ಲವರಲ್ಲ, ಗಾಜು ಬಲ್ಲವರು. ಬೆರಳ ಗೆಣ್ಣಿನಿಂದ ಗಾಜನ್ನು ಎರಡು ಸಲ ತಟ್ಟಿ ಕಿವಿಗೊಡುವುದು ಅವರ ಕ್ರಮ. ‘ಟಣ್’ ಎಂದರೆ ಹದಗೊಳಿಸಿದ ಒಂಟಿ ಗಾಜು. ‘ದೊಪ್’ ಎಂದರೆ ನಡುವೆ ಪ್ಲಾಸ್ಟಿಕ್ ಪದರ ಸೇರಿಸಿದ ಜೋಡಿಗಾಜು. ಗಾಜಿನ ಮೂಲೆಯಲ್ಲಿ ಇದನ್ನೇ ಅಚ್ಚುಮುದ್ರೆಯಾಗಿ ಬರೆದಿರುತ್ತಾರೆ, ಆದರೆ ಅವರಿಗೆ ಆ ಮುದ್ರೆಯ ಹಂಗಿಲ್ಲ. ಬಳ್ಳಾರಿಯ ಪಕ್ಕದ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳಲ್ಲಿ ಬಡಿದರೆ ಗಂಟೆಯಂತೆ ನಾದಗೈಯುವ ಬಂಡೆಗಳಿವೆ. ಅವುಗಳ ಮೇಲೆ ಬಡಿದು ಬಡಿದು ಬಿದ್ದ ಕುಳಿಗಳನ್ನು ಪುರಾತತ್ತ್ವಜ್ಞರು ಗುರುತಿಸಿದ್ದಾರೆ. ಘನವಸ್ತುವಿನ ಒಳಗನ್ನು ಕಿವಿಯಿಂದ ಓದುವ ಅಭ್ಯಾಸ ಈ ಸೀಮೆಗೆ ಹೊಸದಲ್ಲ ಎಂದಷ್ಟೇ ಹೇಳಿ ಮುಂದುವರಿಯುತ್ತೇನೆ. ನಡುವಣ ಸಾವಿರಾರು ವರ್ಷಗಳಿಗೆ ಸೇತುವೆ ಕಟ್ಟುವ ಉದ್ದೇಶ ನನಗಿಲ್ಲ.

ಈ ಎರಡು ಗಾಜುಗಳ ವ್ಯತ್ಯಾಸ ಆಂಟೆನಾಕ್ಕೂ ಮುಖ್ಯ. ಮುಂಗಾಜು ಜೋಡಿಗಾಜು, ಒಟ್ಟು ದಪ್ಪ ಹೆಚ್ಚು, ಆದ್ದರಿಂದ ತಗಡುಗಳ ನಡುವಿನ ಅಂತರವೂ ಹೆಚ್ಚು. ಹಿಂಗಾಜು ಸಾಮಾನ್ಯವಾಗಿ ಒಂಟಿಯದು, ತೆಳುವಾದದ್ದು. ಹದಗೊಳಿಸಿದ ಗಾಜಿಗೆ ತೂತು ಕೊರೆಯಹೊರಟರೆ ಇಡೀ ಗಾಜು ಕಲ್ಲುಸಕ್ಕರೆಯ ಹರಳಿನಂತೆ ಪುಡಿಯಾಗುತ್ತದೆ. ಹಾಗಾಗಿ ಅದರ ಮೂಲಕ ಹೋಗಲು ಅಂಟಿಸುವುದೊಂದೇ ಮಾರ್ಗ. ಹಿಂಗಾಜಿನಲ್ಲಿ ಮಂಜು ಕರಗಿಸಲು ಎಳೆದಿರುವ ಕಂದು ಗೆರೆಗಳು ವಿದ್ಯುತ್ ಹರಿಯುವ ತಂತಿಗಳೇ. ತಗಡು ಅವುಗಳ ಮೇಲೆ ಬಂದರೆ ಶಕ್ತಿ ಕಡ್ಡಿಗೆ ಹೋಗುವ ಬದಲು ಗೆರೆಗಳಿಗೆ ಹಂಚಿಹೋಗುತ್ತದೆ. ಗೆರೆಗಳಿಗೂ ಚಾವಣಿಯ ಅಂಚಿಗೂ ನಡುವೆ ಉಳಿಯುವ ಬರಿಗಾಜಿನ ಪಟ್ಟಿಯಲ್ಲಿ, ಲೋಹದ ಅಂಚಿನಿಂದ ಒಂದೆರಡು ಅಂಗುಲ ಬಿಟ್ಟು, ಬಾಗು ಕಡಿಮೆಯಿರುವೆಡೆ ಜಾಗ ಹುಡುಕಬೇಕು.

ಇದೆಲ್ಲಕ್ಕಿಂತ ದೊಡ್ಡ ಶತ್ರು ಲೋಹದಂಶವುಳ್ಳ ಫಿಲ್ಮು. ಬಿಸಿಲ ನಾಡಿನಲ್ಲಿ ಗಾಜಿಗೆ ಫಿಲ್ಮು ಹಚ್ಚುವ ರೂಢಿ ವ್ಯಾಪಕವಾಗಿತ್ತು. 2012ರ ಏಪ್ರಿಲ್ 27ರಂದು ಸರ್ವೋಚ್ಚ ನ್ಯಾಯಾಲಯವು ವಾಹನದ ಗಾಜುಗಳಿಗೆ ಕಪ್ಪು ಫಿಲ್ಮು ಅಂಟಿಸುವುದನ್ನು ನಿಷೇಧಿಸಿದ ಬಳಿಕ ಅನೇಕರು ಕಿತ್ತರು. ಅನೇಕರು ಪಾರದರ್ಶಕವಾಗಿ ಕಾಣುವ ಶಾಖನಿರೋಧಕ ಫಿಲ್ಮಿಗೆ ಹೊರಳಿದರು. ಕಣ್ಣಿಗೆ ಪಾರದರ್ಶಕವಾದದ್ದೆಲ್ಲ ತರಂಗಕ್ಕೆ ಪಾರದರ್ಶಕವಲ್ಲ. ಕೂದಲೆಳೆಗಿಂತ ತೆಳುವಾದ ಲೋಹಲೇಪವೂ ಎರಡು ತಗಡುಗಳ ನಡುವೆ ಮೂರನೆಯ ತಗಡಿನಂತೆ ಬಂದು ನಿಲ್ಲುತ್ತದೆ. ಕೆಲವು ಕಾರುಗಳ ಗಾಜಿನಲ್ಲಿ ಇಂಥ ಲೇಪವನ್ನು ತಯಾರಿಕೆಯಲ್ಲೇ ಸೇರಿಸಿರುತ್ತಾರೆ. ಇದನ್ನು ಕಣ್ಣಿನಿಂದ ಕಂಡುಹಿಡಿಯಲಾಗದು. ಅದಕ್ಕೆ ಹವ್ಯಾಸಿಗಳು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದಿರುವ ಉಪಾಯ ಸರಳವಾದದ್ದು. ಎರಡೂ ಭಾಗಗಳನ್ನು ಮೊದಲು ಬರಿಯ ಕಾಗದದ ಅಂಟುಪಟ್ಟಿಯಿಂದ ತಾತ್ಕಾಲಿಕವಾಗಿ ನಿಲ್ಲಿಸಿ, ಅಲ್ಪ ಶಕ್ತಿಯಲ್ಲಿ ಪ್ರಸಾರ ಮಾಡಿ, ಹಿಂದಿರುಗುವ ಶಕ್ತಿಯನ್ನು ಅಳೆಯುವ ಮಾಪಕವನ್ನು ನೋಡುವುದು. ಅಲೆ ಅನುಪಾತ ಒಂದೂವರೆಯೊಳಗೆ ಬಂದರೆ ನೂರರಲ್ಲಿ ನಾಲ್ಕು ಭಾಗ ಮಾತ್ರ ಹಿಂದಿರುಗಿದಂತೆ, ಅದು ಉತ್ತಮ. ಎರಡಾದರೆ ಹನ್ನೊಂದು ಭಾಗ. ಮೂರಾದರೆ ಇಪ್ಪತ್ತೈದು, ರೇಡಿಯೊಗೇ ಅಪಾಯ. ಪೆಟ್ಟಿಗೆಯ ತಿರುಪನ್ನು ಎಷ್ಟು ತಿರುಗಿಸಿದರೂ ಅನುಪಾತ ಇಳಿಯದಿದ್ದರೆ ಗಾಜಿನಲ್ಲಿ ಲೋಹವಿದೆಯೆಂದು ತಿಳಿದು ಆ ಆಸೆ ಬಿಡುವುದು ಲೇಸು. ನೆನಪಿಡಬೇಕಾದ ಒಂದು ಎಚ್ಚರವೂ ಇದೆ: ಈ ಮಾಪಕ ಹಿಂದಿರುಗಿದ್ದನ್ನು ಮಾತ್ರ ಹೇಳುತ್ತದೆ, ಬಿಸಿಯಾಗಿ ಸೋರಿದ್ದನ್ನು ಹೇಳುವುದಿಲ್ಲ. ಮಾಪಕ ಚೆನ್ನಾಗಿದೆ, ಕೂಗು ಮಾತ್ರ ಕೇಳುವುದಿಲ್ಲ ಎಂಬ ಸ್ಥಿತಿ ಸಾಧ್ಯ. ಕೊನೆಯ ತೀರ್ಪು ದೂರದಲ್ಲಿ ಕೇಳುವ ಕಿವಿಯದೇ.

ಅಂಟಿಸುವ ಸಮಯದ ವಿಷಯದಲ್ಲಿ ಆ ಗಾಜಿನ ಕುಶಲಕರ್ಮಿಯ ನಿಯಮ ಕಟ್ಟುನಿಟ್ಟಾದದ್ದು: ಸೂರ್ಯ ಏರುವ ಮುನ್ನ, ನೆರಳಿನಲ್ಲಿ, ಮುಂಗೈಯ ಹಿಂಬದಿಗೆ ಗಾಜು ತಣ್ಣಗೆ ತಾಕುವಾಗ. ಬಳ್ಳಾರಿಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಬಿಸಿಲಲ್ಲಿ ನಿಂತ ಗಾಡಿಯ ಗಾಜು ಅದಕ್ಕಿಂತ ಬಹಳ ಬಿಸಿಯಾಗಿರುತ್ತದೆ. ಅಂಥ ಗಾಜಿನ ಮೇಲೆ ಅಂಟು ತಕ್ಷಣ ಹಿಡಿದಂತೆ ಕಂಡರೂ ಒಳಗೆ ಸರಿಯಾಗಿ ಹರಡಿ ಕೂರುವುದಿಲ್ಲ. ಒರೆಸುವ ಬಟ್ಟೆಯ ಎಣ್ಣೆಯಂಶವೂ, ಕೆಂಪುಧೂಳಿನ ನಯವಾದ ಪುಡಿಯೂ ಅಂಟಿನ ವೈರಿಗಳು. ಸ್ಪಿರಿಟ್‌ನಿಂದ ಒರೆಸಿ, ಬಾಯಿಂದ ಹಬೆಯೂದಿ ನೋಡಬೇಕು. ಹಬೆ ಒಂದೇ ಸಮನಾಗಿ ಹರಡಿದರೆ ಗಾಜು ಶುದ್ಧ, ತೇಪೆತೇಪೆಯಾದರೆ ಇನ್ನೂ ಜಿಡ್ಡಿದೆ. ಅಂಟಿಸಿದ ಮೇಲೆ ಒಂದು ಹಗಲು ಒಂದು ರಾತ್ರಿ ಕಡ್ಡಿಯನ್ನು ಸಿಕ್ಕಿಸದೆ ಬರಿಯ ಪಾದವನ್ನು ಬಿಡಬೇಕು. ಎರಡನೆಯ ಸಲ ಈ ಕ್ರಮ ಅನುಸರಿಸಿ ಅಂಟಿಸಿದ್ದು ಎರಡು ಬೇಸಿಗೆಗಳನ್ನು ತಾಳಿತು.

ಇಲ್ಲಿ ಕ್ಷೇತ್ರಕಾರ್ಯದ ಒಂದು ಅನುಭವವನ್ನು ಹೇಳಬೇಕು. ನಮ್ಮ ವಾಹನಗಳ ಗಾಜು ಎಂದೂ ಬರಿದಾಗಿರುವುದಿಲ್ಲ. ಮನೆದೇವರ ಹೆಸರು, ಮಠದ ಸ್ವಾಮಿಗಳ ಚಿತ್ರ, ಮಕ್ಕಳ ಹೆಸರು, ಮುಂಭಾಗಕ್ಕೆ ನಿಂಬೆಹಣ್ಣು ಮತ್ತು ಮೆಣಸಿನಕಾಯಿ. ಎಲ್ಲಕ್ಕೂ ಅರ್ಥವಿದೆ, ಆ ಅರ್ಥವನ್ನು ಓದಬಲ್ಲವರೂ ಇದ್ದಾರೆ. ಗಾಜಿನ ಮೇಲೆ ನಿಂತ ಒಂದು ಮೀಟರ್ ಉದ್ದದ ಕಡ್ಡಿಯನ್ನೂ ಜನ ತಮ್ಮದೇ ರೀತಿಯಲ್ಲಿ ಓದಿದರು. ಸಿರುಗುಪ್ಪದ ಸುತ್ತಲಿನ ಊರುಗಳಲ್ಲಿ ಮಕ್ಕಳು ಅದನ್ನು ‘ಬಾಲ’ ಎಂದರು. ಹಿರಿಯರು ‘ವಾಯರ್‌ಲೆಸ್ ಗಾಡಿ’ ಎಂದರು, ಅಂದರೆ ಪೊಲೀಸರದು. ಹಾಡು ಹೇಳಲು ಒಪ್ಪಿ ಬರಹೇಳಿದ್ದ ಮನೆಯೊಂದರಲ್ಲಿ ಗಾಡಿ ನಿಂತ ಕೂಡಲೆ ಮಾತು ನಿಂತಿತು. ಅರ್ಧ ದಿನ ಕಳೆದ ಮೇಲೆ ‘ನೀವು ಅವರಲ್ಲವೇನು’ ಎಂಬ ಪ್ರಶ್ನೆ ಬಂತು. ವಕ್ತೃವಿನ ವಿಶ್ವಾಸವೇ ಬಂಡವಾಳವಾದ ನಮ್ಮ ಕೆಲಸಕ್ಕೆ ಇದು ಸಣ್ಣ ತೊಂದರೆಯಲ್ಲ. ಗಾಜಿನ ಆಂಟೆನಾದ ಒಂದು ದೊಡ್ಡ ಉಪಕಾರ ನನಗೆ ತಿಳಿದದ್ದು ಅಂದೇ. ಪಾದವನ್ನು ಗಾಜಿನ ಮೇಲೆ ಬಿಟ್ಟು ಕಡ್ಡಿಯನ್ನು ಮಾತ್ರ ತಿರುಚಿ ಬಿಚ್ಚಿಡಬಹುದು. ಊರ ಅಗಸೆಯ ಹೊರಗೆ ಕಡ್ಡಿ ಬಿಚ್ಚಿ ಒಳಗೆ ಹೋಗುವುದು ಅಂದಿನಿಂದ ರೂಢಿಯಾಯಿತು.

ಇನ್ನು ಕೂಗಳತೆಯ ಲೆಕ್ಕ. ಎರಡು ಮೀಟರ್ ತರಂಗಗಳು ಹೆಚ್ಚುಕಡಿಮೆ ದೃಷ್ಟಿರೇಖೆಯಲ್ಲಿ ಸಾಗುತ್ತವೆ. ಭೂಮಿಯ ಬಾಗು ಅವುಗಳ ಎಲ್ಲೆ. ಹವ್ಯಾಸಿಗಳು ಬಳಸುವ ಸೂತ್ರ ಸುಲಭವಾದದ್ದು: ಎರಡೂ ಆಂಟೆನಾಗಳ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಒಂದೊಂದರ ವರ್ಗಮೂಲ ಕಂಡು, ಕೂಡಿಸಿ, 4.12ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ದೂರ ಬರುತ್ತದೆ. ನೆಲದಿಂದ ಎರಡು ಮೀಟರ್ ಎತ್ತರದ ಆಂಟೆನಾ ಇರುವ ಎರಡು ವಾಹನಗಳಿಗೆ ಇದು ಸುಮಾರು ಹನ್ನೊಂದೂವರೆ ಕಿಲೋಮೀಟರ್. ಬಳ್ಳಾರಿಯಿಂದ ಕುರುಗೋಡು ನೇರ ಗೆರೆಯಲ್ಲಿ ಸುಮಾರು 25 ಕಿಲೋಮೀಟರ್, ಸಿರುಗುಪ್ಪ ಸುಮಾರು 54. ಆದ್ದರಿಂದ ಬಳ್ಳಾರಿಯ ಬೀದಿಯಲ್ಲಿರುವ ಕಾರಿಗೂ ಸಿರುಗುಪ್ಪದ ಹೊಳೆದಂಡೆಯ ಕಾರಿಗೂ ನೇರ ಮಾತು ಸಾಧ್ಯವಿಲ್ಲ. ಆಂಟೆನಾ ಗಾಜಿನದಾಗಲಿ, ಚಾವಣಿಯದಾಗಲಿ, ಈ ಸತ್ಯ ಬದಲಾಗದು. ರೇಡಿಯೊದ ಶಕ್ತಿ ಹೆಚ್ಚಿಸಿದರೂ ಬದಲಾಗುವುದು ಅಲ್ಪ. ಅಂಗಡಿಗಳಲ್ಲಿ ಹೇಳದ ಮಾತು ಇದೇ.

ಬದಲಾಗುವುದು ಎತ್ತರದಿಂದ. ಸುತ್ತಲಿನ ಬಯಲಿಗಿಂತ ನೂರು ಮೀಟರ್ ಎತ್ತರದ ಗುಡ್ಡದ ಮೇಲೆ ಒಂದು ಕೇಂದ್ರವಿದ್ದರೆ ಅದಕ್ಕೂ ಕಾರಿಗೂ ನಡುವಿನ ಎಲ್ಲೆ ಸುಮಾರು 47 ಕಿಲೋಮೀಟರಿಗೆ ಏರುತ್ತದೆ. ಬಳ್ಳಾರಿ ಬದಿಯ ಗುಡ್ಡದಿಂದ ಸಿರುಗುಪ್ಪದ ಕಾರಿಗೆ ಇದೂ ಸಾಲದು. ಸಿರುಗುಪ್ಪದಲ್ಲಿ 15 ಮೀಟರ್ ಎತ್ತರದ ಕಂಬವೊಂದಿದ್ದರೆ ಮಾತ್ರ ಲೆಕ್ಕ 57ಕ್ಕೆ ಹೋಗಿ ಮುಟ್ಟುತ್ತದೆ. ಇಲ್ಲಿ ಕುರುಗೋಡು ಮಹತ್ವ ಪಡೆಯುತ್ತದೆ. ಸಿಂದರ ರಾಜಧಾನಿಯಾಗಿದ್ದ, ದೊಡ್ಡಬಸವೇಶ್ವರನ ಜಾತ್ರೆಗೆ ಹೆಸರಾದ ಈ ಊರು ಗುಡ್ಡಗಳ ಸೆರಗಿನಲ್ಲಿದೆ. ಅಲ್ಲಿಂದ ಬಳ್ಳಾರಿಗೆ 25, ಸಿರುಗುಪ್ಪಕ್ಕೆ ಸುಮಾರು 31 ಕಿಲೋಮೀಟರ್. ಎರಡೂ 47ರ ಒಳಗೇ ಬರುತ್ತವೆ. ಹಿಂದೆ ಪಾಳೆಯಗಾರರು ಗುಡ್ಡಗಳ ಮೇಲೆ ಕಾವಲು ಬತೇರಿಗಳನ್ನು ಕಟ್ಟಿಸಿದ್ದಕ್ಕೆ ಇದ್ದ ಕಾರಣವೂ ಇದೇ: ಎತ್ತರದಿಂದ ಕಂಡದ್ದನ್ನು ಬಯಲಿಗೆ ತಿಳಿಸುವುದು. ಸಿರುಗುಪ್ಪದ ಭತ್ತದ ಬಯಲು ಸಪಾಟಾದ್ದರಿಂದ ನಡುವೆ ಅಡ್ಡಿಗಳೂ ಕಡಿಮೆ. ಬಳ್ಳಾರಿಯ ಕಡೆ ಮಾತ್ರ ನಗರದೊಳಗಿನ ಬಂಡೆಗುಡ್ಡಗಳ ಮರೆಯಲ್ಲಿ ಕೆಲವು ಬಡಾವಣೆಗಳು ಕಿವುಡಾಗಿ ಉಳಿಯುತ್ತವೆ. ಅವನ್ನು ಓಡಾಡಿಯೇ ಗುರುತಿಸಬೇಕು.

ಈ ಹಿನ್ನೆಲೆಯಲ್ಲಿ ನನ್ನ ಅಭಿಪ್ರಾಯ ಹೀಗಿದೆ. ದಿನನಿತ್ಯದ ಓಡಾಟಕ್ಕೆ, ಬಾಡಿಗೆ ವಾಹನಕ್ಕೆ, ಊರೊಳಗೆ ಕಡ್ಡಿ ಬಿಚ್ಚಿಡಬೇಕಾದ ನನ್ನಂಥವರಿಗೆ ಗಾಜಿನ ಆಂಟೆನಾ ಸಾಕು. ಪ್ರವಾಹದ ರಾತ್ರಿ ಸಿರುಗುಪ್ಪದ ದಂಡೆಗೆ ಹೋಗುವ ಗಾಡಿಗೆ ಅದೊಂದನ್ನೇ ನಂಬುವುದು ಸರಿಯಲ್ಲ. ಮಳೆಯಲ್ಲಿ ನೆನೆದ ಗಾಜಿನ ಮೇಲೆ ನೀರಿನ ಪದರ ನಿಂತು ಹೊಂದಿಕೆ ತುಸು ಸರಿಯುತ್ತದೆ. ತಗ್ಗುದಿಣ್ಣೆಯ ರಸ್ತೆಯಲ್ಲಿ ಮರದ ಕೊಂಬೆ ತಾಗಿದರೆ ಪಾದವೇ ಕಿತ್ತುಬರಬಹುದು. ಸೀಟಿನಡಿ ಒಂದು ಅಯಸ್ಕಾಂತದ ಆಂಟೆನಾವನ್ನು ಸುತ್ತಿಟ್ಟುಕೊಂಡಿರಬೇಕು. ಆ ಹೊತ್ತಿನಲ್ಲಿ ಚಾವಣಿಯ ಬಣ್ಣದ ಚಿಂತೆ ಯಾರಿಗೂ ಇರುವುದಿಲ್ಲ. ಹಿಂದಿನ ಸೀಟಿನಲ್ಲಿ ಜನರಿರುವಾಗ ಗಾಜಿನ ಒಳಪೆಟ್ಟಿಗೆ ಅವರ ತಲೆಗೆ ಒಂದೆರಡು ಗೇಣು ದೂರದಲ್ಲಿರುತ್ತದೆ. ಆದ್ದರಿಂದ ಪ್ರಸಾರಶಕ್ತಿಯನ್ನು ಕನಿಷ್ಠಕ್ಕೆ ಇಳಿಸಬೇಕೆಂಬುದನ್ನೂ ಮರೆಯಬಾರದು.

ಗಾಜಿನ ಆಂಟೆನಾದಿಂದಲೇ ಕುರುಗೋಡಿನ ಗುಡ್ಡದ ಬದಿಯಿಂದ ಮಾತು ದಾಟಿಸುವ ಪ್ರಯೋಗವನ್ನು ಮಾಡಬಯಸುವವರಿಗೆ ಒಂದು ಸೂಚನೆಯುಂಟು. ಕಡ್ಡಿಯ ಕೂಗು ಎಲ್ಲ ದಿಕ್ಕಿಗೂ ಸಮನಲ್ಲವೆಂದು ಹಿಂದೆ ಹೇಳಿದೆ. ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ಸಿರುಗುಪ್ಪದವರನ್ನು ಒಂದರಿಂದ ಹತ್ತರವರೆಗೆ ಎಣಿಸುತ್ತಿರಲು ಹೇಳಿ, ಗಾಡಿಯ ಮೂತಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಎಲ್ಲಿ ಧ್ವನಿ ನಿಚ್ಚಳವಾಗುವುದೋ ಅಲ್ಲಿ ನಿಲ್ಲಬೇಕು. ಬಳಿಕ ಬಳ್ಳಾರಿಯವರೊಡನೆಯೂ ಹೀಗೆಯೇ. ಎರಡೂ ಕಡೆಗೆ ಒಪ್ಪುವ ನಿಲುಗಡೆಯನ್ನು ಮಳೆಗಾಲಕ್ಕೆ ಮೊದಲೇ ಕಂಡುಕೊಂಡು, ಚಕ್ರಗಳು ನಿಂತ ಜಾಗಕ್ಕೆ ನಾಲ್ಕು ಕಲ್ಲು ಇಟ್ಟು ಬಂದರೆ ಕತ್ತಲಲ್ಲಿ ಹುಡುಕುವ ಕಷ್ಟ ತಪ್ಪುತ್ತದೆ. ಬಂದ ಸುದ್ದಿಯನ್ನು ಬರೆದುಕೊಂಡು, ಬಂದ ಪದಗಳಲ್ಲೇ ಮುಂದಕ್ಕೆ ಓದಿ, ಆ ಕಡೆಯವರಿಂದ ಮರಳಿ ಓದಿಸಿ ಕೇಳಿದ ನಂತರವೇ ಸುದ್ದಿ ಮುಟ್ಟಿತೆಂದು ಲೆಕ್ಕ.